ಬೇಸ್‌ನಿಂದ ಫೈನಲ್‌ಗೆ: ಸಣ್ಣ ವಿಮಾನ ಇಳಿಸುವಾಗ ಆ ಒಂದು ತಿರುವನ್ನು ದಾಟೋದು ಹೇಗೆ

ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಉಡುಪಿ ಕಡೆಯಿಂದ ಪುಣೆ ಜಿಲ್ಲೆಗೆ, ಅದರಲ್ಲೂ ಬಾರಾಮತಿಗೆ, ಪೈಲಟ್ ಟ್ರೈನಿಂಗಿಗೆ ಬರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಇಲ್ಲೇ ಕಲಿಸುವವಳು. ಹೊಸಬರನ್ನು ಲ್ಯಾಂಡಿಂಗ್‌ನಲ್ಲಿ ಯಾವುದು ಕಷ್ಟ ಅಂತ ಕೇಳಿದರೆ ಎಲ್ಲರೂ ಹೇಳೋದು ಒಂದೇ ಉತ್ತರ: ಫ್ಲೇರ್, ಅಂದರೆ ಚಕ್ರ ನೆಲ ಮುಟ್ಟುವ ಮುಂಚಿನ ಆ ಕೊನೆಯ ಕೆಲವು ಅಡಿ. ನಿಜ, ಅದು ಕಷ್ಟ. ಅಲ್ಲಿ ತಪ್ಪಿದರೆ ವಿಮಾನ ಪುಟಿಯುತ್ತೆ, ಮುಂದಿನ ಚಕ್ರ ಹಾಳಾಗುತ್ತೆ, ಬೈಗುಳ ಬೀಳುತ್ತೆ. ಆದರೆ ಜನ ಸಾಯೋದು ಸಾಮಾನ್ಯವಾಗಿ ಅದಕ್ಕಿಂತ ಮುಂಚೆ, ಬೇಸ್ ಲೆಗ್‌ನಿಂದ ಫೈನಲ್‌ಗೆ ತಿರುಗುವಾಗ, ನೆಲದಿಂದ ಐದುನೂರು ಅಡಿ ಮೇಲೆ, ಎಂಜಿನ್ ಸರಿಯಾಗಿ ಓಡುತ್ತಿರುವಾಗಲೇ. ಇಳಿಯುವ ಮುಂಚೆ ವಿಮಾನ ರನ್‌ವೇ ಪಕ್ಕ ಒಂದು ಚೌಕ ಸುತ್ತು ಹಾಕುತ್ತೆ, ಅದೇ ಸರ್ಕಿಟ್: ಇಳಿಯುವ ದಿಕ್ಕಿಗೆ ಉಲ್ಟಾ, ರನ್‌ವೇಗೆ ಸಮಾನಾಂತರವಾಗಿ ಹಾರೋದು ಡೌನ್‌ವಿಂಡ್, ಅಲ್ಲಿಂದ ರನ್‌ವೇ ಗೆರೆಯ ಕಡೆ ಅಡ್ಡ ಹಾರೋದು ಬೇಸ್, ಕೊನೆಗೆ ರನ್‌ವೇಗೆ ನೇರ ಬರೋದು ಫೈನಲ್. ಬೇಸ್‌ನಿಂದ ಫೈನಲ್‌ಗೆ ಹೊರಳುವ ಆ ತಿರುವಿನ ಬಗ್ಗೆಯೇ ಈ ಬರಹ.

ಮೊದಲೇ ಒಂದು ಮಾತು. ಇಲ್ಲಿ ಕೊಟ್ಟಿರುವ ವೇಗದ ಅಂಕಿಗಳು ಸೆಸ್ನಾ 172 ಎಸ್ ಮಾದರಿಯವು. ನೀವು ಸೆಸ್ನಾ 152, ಟೆಕ್ನಾಮ್, ಡೈಮಂಡ್, ಪೈಪರ್ ಯಾವುದರಲ್ಲಿ ಹಾರಿದರೂ ನಿಮ್ಮ ವಿಮಾನದ ಪಿಒಎಚ್‌ನಲ್ಲಿರುವ (ತಯಾರಕರು ಕೊಡುವ ಕೈಪಿಡಿ) ಅಂಕಿ ಮತ್ತು ನಿಮ್ಮ ಸ್ಕೂಲಿನ ಎಸ್‌ಒಪಿಯೇ (ಸ್ಕೂಲು ಬರೆದಿಟ್ಟ ಕಾರ್ಯವಿಧಾನ) ಕೊನೆಯ ಮಾತು.

ಮೊದಲು ಏನಾಗುತ್ತೆ ಅಂತ ಅರ್ಥ ಮಾಡಿಕೊಳ್ಳಿ

ಸ್ಟಾಲ್ ಅಂದರೆ ಎಂಜಿನ್ ನಿಲ್ಲೋದಲ್ಲ. ಕಾರಿನ ಭಾಷೆ ತಲೆಯಲ್ಲಿ ಇರೋದರಿಂದ ಮನೆಯವರಿಗೆ ಹಾಗೇ ಅನ್ನಿಸುತ್ತೆ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಚಾಚಿ ಸ್ವಲ್ಪ ಮೇಲಕ್ಕೆ ವಾಲಿಸಿದರೆ ಗಾಳಿ ಕೈಯನ್ನು ಎತ್ತುತ್ತೆ. ತುಂಬಾ ವಾಲಿಸಿದರೆ ಎತ್ತೋದು ಬಿಟ್ಟು ಹಿಂದಕ್ಕೆ ತಳ್ಳುತ್ತೆ. ರೆಕ್ಕೆಯದ್ದೂ ಅದೇ ಕಥೆ. ಎದುರಿಗೆ ಬರುವ ಗಾಳಿಗೂ ರೆಕ್ಕೆಗೂ ನಡುವಿನ ಕೋನ ಸುಮಾರು 15, 16 ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯೋದನ್ನು ಬಿಡುತ್ತೆ, ಲಿಫ್ಟ್, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಬಲ, ಕುಸಿಯುತ್ತೆ, ಅದೇ ಸ್ಟಾಲ್. ಈ ಕೋನಕ್ಕೂ ವೇಗಕ್ಕೂ ನೇರ ಸಂಬಂಧ ಇಲ್ಲ. ಯೋಕ್ (ಕೈಯಲ್ಲಿ ಹಿಡಿಯುವ ಸ್ಟೀರಿಂಗ್, ಎಳೆದರೆ ಮೂತಿ ಏಳುತ್ತೆ) ಜಾಸ್ತಿ ಎಳೆದರೆ ಯಾವ ವೇಗದಲ್ಲೂ ಸ್ಟಾಲ್ ಆಗಬಹುದು. ಇದನ್ನು ಪರೀಕ್ಷೆಗೆ ಬರೆದು ಮರೆಯಬೇಡಿ, ಕೈಯಲ್ಲಿ ಇಟ್ಟುಕೊಳ್ಳಿ.

ಈಗ ಲೆಕ್ಕ ನೋಡಿ. 172 ಎಸ್‌ನಲ್ಲಿ ಫ್ಲಾಪ್ಸ್ (ನಿಧಾನಕ್ಕೆ ಹಾರಲು ರೆಕ್ಕೆಯ ಹಿಂಬದಿಯಲ್ಲಿ ಇಳಿಸುವ ಹಲಗೆ) ಇಳಿಸದೆ, ರೆಕ್ಕೆ ಸಮ ಇದ್ದಾಗ, ಸ್ಪೀಡ್ ಇಂಡಿಕೇಟರಿನ ಹಸಿರು ಪಟ್ಟಿ ಶುರುವಾಗೋದು 48 ನಾಟ್‌ಗೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಅದೇ ಸ್ಟಾಲ್ ವೇಗ. ಎತ್ತರ ಬಿಡದೆ 30 ಡಿಗ್ರಿ ಬ್ಯಾಂಕ್‌ನಲ್ಲಿ, ಅಂದರೆ ಅಷ್ಟು ಪಕ್ಕಕ್ಕೆ ವಾಲಿ, ತಿರುಗಿದರೆ ಅದು ಶೇಕಡಾ 7 ಏರುತ್ತೆ, ಅಂದರೆ 51ರ ಹತ್ತಿರ. 45 ಡಿಗ್ರಿಗೆ ಶೇಕಡಾ 19, ಸುಮಾರು 57. 60 ಡಿಗ್ರಿಗೆ ಶೇಕಡಾ 41, ಸುಮಾರು 68. ನೀವು 65ರಲ್ಲಿ ಅಪ್ರೋಚ್ ಮಾಡುತ್ತಿದ್ದೀರಿ. ಅದೇ 65ರಲ್ಲಿ 60 ಡಿಗ್ರಿ ವಾಲಿಸಿ ಯೋಕ್ ಎಳೆದು ಹಿಡಿದರೆ ವಿಮಾನ ಹಾರುವ ಸಾಧ್ಯತೆಯೇ ಇಲ್ಲ. ಇಂಡಿಕೇಟರಿನಲ್ಲಿ ಎಲ್ಲ ಸರಿ ಇದ್ದ ಹಾಗೇ ಕಾಣಿಸುತ್ತೆ, ಸೂಜಿ ಹಸಿರಿನಲ್ಲೇ ಇರುತ್ತೆ.

ಇಷ್ಟೇ ಆಗಿದ್ದರೆ ಯಾರೂ 60 ಡಿಗ್ರಿ ವಾಲಿಸಲ್ಲ ಅಂತ ಸುಮ್ಮನಿರಬಹುದಿತ್ತು. ನಿಜವಾದ ಅಪಾಯ ಇರೋದು ಹೆಚ್ಚು ವಾಲಿಸೋಕೆ ಹೆದರುವ ಒಳ್ಳೆಯ ವಿದ್ಯಾರ್ಥಿಗೇ. ಹೇಗೆ ಅಂದರೆ: ಬೇಸ್‌ನಲ್ಲಿ ಬರುತ್ತಿದ್ದೀರಿ, ಎಡಕ್ಕೆ ತಿರುಗೋದು ಸ್ವಲ್ಪ ತಡವಾಯಿತು, ರನ್‌ವೇಯ ನೇರ ಗೆರೆ ದಾಟಿ ಆಚೆ ಹೋಗುತ್ತಿದ್ದೀರಿ. ವಾಪಸ್ ಗೆರೆಗೆ ಬರಬೇಕು. ಜಾಸ್ತಿ ಬ್ಯಾಂಕ್ ಮಾಡಬೇಡ ಅಂತ ಕಲಿಸಿದ್ದಾರೆ. ಹಾಗಾಗಿ ಗೊತ್ತಿಲ್ಲದೇ ಎಡಗಾಲು ರಡರ್ ಪೆಡಲ್ (ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸೋದು) ಒತ್ತುತ್ತೆ, ಮೂತಿ ರನ್‌ವೇ ಕಡೆ ತಿರುಗಲಿ ಅಂತ. ಮೂತಿ ತಿರುಗುತ್ತೆ, ಜೊತೆಗೆ ಕೆಳಗೂ ಬಾಗುತ್ತೆ. ಹೊರಗಿನ ಬಲ ರೆಕ್ಕೆ ಬೇಗ ಚಲಿಸೋದರಿಂದ ಮೇಲೇಳುತ್ತೆ, ವಾಲಿಕೆ ತಾನಾಗೇ ಜಾಸ್ತಿ ಆಗುತ್ತೆ. ಅದನ್ನು ತಡೆಯೋಕೆ ಕೈ ಯೋಕ್ ಅನ್ನು ಬಲಕ್ಕೆ ತಿರುಗಿಸುತ್ತೆ. ಆಗ ಎಡ ರೆಕ್ಕೆಯ ಏಲೆರಾನ್ (ರೆಕ್ಕೆ ತುದಿಯ ಹಿಂಬದಿಯ ಹಲಗೆ) ಕೆಳಗಿಳಿದು, ಮೊದಲೇ ನಿಧಾನವಾಗಿರುವ ಆ ರೆಕ್ಕೆಯ ಕೋನ ಇನ್ನೂ ಏರುತ್ತೆ. ಮೂತಿ ಕೆಳಗಿದೆ, ನೆಲ ಹತ್ತಿರ ಕಾಣುತ್ತಿದೆ, ಅದಕ್ಕೆ ಯೋಕ್ ಹಿಂದಕ್ಕೆ. ಎಡಗಾಲು ಒಳಗೆ, ಯೋಕ್ ಬಲಕ್ಕೆ, ಯೋಕ್ ಹಿಂದಕ್ಕೆ. ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಮಾಡಿದ್ದೀರಿ. ಎಡ ರೆಕ್ಕೆ ಮೊದಲು ಸ್ಟಾಲ್ ಆಗುತ್ತೆ, ವಿಮಾನ ಎಡಕ್ಕೆ ಮಗುಚಿ ಸ್ಪಿನ್‌ಗೆ ಹೋಗುತ್ತೆ, ಅಂದರೆ ಬುಗುರಿಯ ಹಾಗೆ ಸುತ್ತುತ್ತಾ ಬೀಳುತ್ತೆ.

ಒಂದು ಸುತ್ತಿನ ಸ್ಪಿನ್‌ನಿಂದ ಹೊರಬರೋಕೆ ಇಂಥ ವಿಮಾನಕ್ಕೆ ಸುಮಾರು ಸಾವಿರ ಅಡಿ ಬೇಕು. ನಿಮ್ಮ ಹತ್ತಿರ ಇರೋದು ಐದುನೂರು. ಎಷ್ಟು ಗಂಟೆ ಹಾರಿದ್ದೀರಿ, ಎಷ್ಟು ಜಾಣರು ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ. ಆದ್ದರಿಂದ ಸ್ಪಿನ್‌ನಿಂದ ಹೊರಬರುವ ಕ್ರಮ ಬಾಯಿಪಾಠ ಇದ್ದರೂ ಇಲ್ಲಿ ಉಪಯೋಗ ಇಲ್ಲ. ಆ ಪರಿಸ್ಥಿತಿಗೆ ಹೋಗದೇ ಇರೋದೊಂದೇ ದಾರಿ, ಮತ್ತೆ ಆ ದಾರಿ ಶುರುವಾಗೋದು ನೆಲದ ಮೇಲೇ.

ಹಾರುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ

ಗಾಳಿಯ ಚಿತ್ರ ಬರೆಯಿರಿ. ಇದಕ್ಕೆ ಐದು ನಿಮಿಷ ಸಾಕು, ಆದರೂ ಮಾಡುವವರು ಕಡಿಮೆ. ಬಾರಾಮತಿ ರನ್‌ವೇ 11/29, ಅಂದರೆ ಒಂದು ಕಡೆಯಿಂದ ಸುಮಾರು 110 ಡಿಗ್ರಿ ದಿಕ್ಕಿಗೆ, ಇನ್ನೊಂದು ಕಡೆಯಿಂದ 290ಕ್ಕೆ. ಮಳೆಗಾಲದಲ್ಲಿ ನಮ್ಮ ಈ ದಖ್ಖನ್ ಕಡೆ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತೆ, ಆದ್ದರಿಂದ 29ಕ್ಕೆ ಇಳಿಯೋದು. ಎಡಗೈ ಸರ್ಕಿಟ್ (ಎಲ್ಲ ತಿರುವೂ ಎಡಕ್ಕೆ) ಹಾರುತ್ತಿದ್ದೀರಿ ಅಂದುಕೊಳ್ಳಿ, ಗಾಳಿ 240 ಡಿಗ್ರಿಯಿಂದ 15 ನಾಟ್. ಡೌನ್‌ವಿಂಡ್ ಹೆಡಿಂಗ್ (ಮೂತಿಯ ದಿಕ್ಕು) 110, ಬೇಸ್ 020, ಫೈನಲ್ 290. ಈಗ ಬೇಸ್ ಮೇಲೆ ಬೆರಳಿಡಿ. 020 ಕಡೆ ಹೋಗುತ್ತಿದ್ದೀರಿ, ಗಾಳಿ 240ರಿಂದ. ಬೆನ್ನ ಹಿಂದಿನಿಂದ ಹನ್ನೊಂದು ನಾಟ್ ತಳ್ಳುತ್ತಿದೆ. ಇಂಡಿಕೇಟರ್ 70 ತೋರಿಸಿದರೂ ನೆಲದ ಮೇಲೆ ನೀವು 80 ದಾಟಿ ಓಡುತ್ತಿದ್ದೀರಿ. ಬೇಸ್ ಬೇಗ ಮುಗಿಯುತ್ತೆ, ಫೈನಲ್ ಗೆರೆ ಅಂದುಕೊಂಡದ್ದಕ್ಕಿಂತ ಮುಂಚೆ ಬರುತ್ತೆ, ತಿರುಗುವಾಗಲೂ ಗಾಳಿ ಗೆರೆಯ ಆಚೆಗೇ ತಳ್ಳುತ್ತೆ. ಅದೇ ಹೊತ್ತಿಗೆ ನೆಲ ಸರ್ರಂತ ಓಡೋದನ್ನು ನೋಡಿ ಕಣ್ಣು ಮೋಸ ಹೋಗುತ್ತೆ. ವೇಗ ಜಾಸ್ತಿ ಆಯಿತು ಅಂತ ಥ್ರಾಟಲ್ ಹಿಂದಕ್ಕೆ ಬರುತ್ತೆ. ಮೇಲೆ ಹೇಳಿದ ಕಥೆಗೆ ಎಲ್ಲ ಸಾಮಾನೂ ಸೇರಿತು, ಅಲ್ವಾ?

ಹಾಳೆಯ ಮೇಲೆ ಇದನ್ನು ನೋಡಿದ ದಿನ ಏನು ಮಾಡಬೇಕು ಅನ್ನೋದು ತಾನಾಗೇ ಹೊಳೆಯುತ್ತೆ. ಡೌನ್‌ವಿಂಡ್ ಅನ್ನು ಸ್ವಲ್ಪ ದೂರ ಹಾರಿ, ಗಾಳಿ ನಿಮ್ಮನ್ನು ರನ್‌ವೇ ಕಡೆ ತಳ್ಳದ ಹಾಗೆ ಮೂತಿ ಸ್ವಲ್ಪ ಹೊರಗೆ ಹಿಡಿಯಿರಿ. ಬೇಸ್‌ನಲ್ಲಿ ಯಾವಾಗಲೂ ತಿರುಗುವ ಜಾಗಕ್ಕಿಂತ ಮುಂಚೆಯೇ ತಿರುಗಲು ಶುರು ಮಾಡಿ. ಬೇಗ ತಿರುಗಿ ಗೆರೆಗೆ ಮುಟ್ಟದಿದ್ದರೆ ಏನೂ ನಷ್ಟ ಇಲ್ಲ, ರೆಕ್ಕೆ ಸಮ ಮಾಡಿ ನಿಧಾನಕ್ಕೆ ಗೆರೆಗೆ ಸೇರಿಕೊಳ್ಳಬಹುದು. ತಡವಾದರೆ ಮಾತ್ರ ಕಾಲು, ಕೈ ತಪ್ಪು ಕೆಲಸ ಶುರು ಮಾಡೋದು.

ಅದೇ ಹಾಳೆಯ ಮೇಲೆ ಮೂರು ಎತ್ತರ ಬರೆದುಕೊಳ್ಳಿ. ನಮ್ಮ ಕಡೆ ನೆಲವೇ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದೆ. ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಹೊಂದಿಸಿದ ಗಾಳಿಯ ಒತ್ತಡ) ಇಟ್ಟ ಆಲ್ಟಿಮೀಟರ್, ಅಂದರೆ ಎತ್ತರದ ಮಾಪಕ, ಸಮುದ್ರಮಟ್ಟದಿಂದ ಲೆಕ್ಕ ಹೇಳುತ್ತೆ, ನೆಲದಿಂದ ಅಲ್ಲ. ಫೀಲ್ಡ್ ಎಲಿವೇಶನ್ (ರನ್‌ವೇ ಇರುವ ನೆಲದ ಎತ್ತರ) 1,900 ಅಡಿ ಅಂದುಕೊಂಡರೆ ಸರ್ಕಿಟ್ 2,900, ಫೈನಲ್ ತಿರುವು 2,400, ಕೊನೆಯ ಗೇಟ್ (ಇಳಿಯೋದೋ ಬೇಡವೋ ಅಂತ ನಿರ್ಧರಿಸುವ ಎತ್ತರ, ಮುಂದೆ ಹೇಳುತ್ತೇನೆ) 2,200. ಮಂಗಳೂರು ಕರಾವಳಿಯಲ್ಲೋ ಗೋವಾದಲ್ಲೋ ಹಾರಿ ಅಭ್ಯಾಸ ಆದವರಿಗೆ ಈ ಕೂಡಿಸೋ ಲೆಕ್ಕ ಗಾಳಿಯಲ್ಲಿ ಕೈಕೊಡುತ್ತೆ. ನೀಬೋರ್ಡ್ (ತೊಡೆಗೆ ಕಟ್ಟಿಕೊಳ್ಳುವ ಬರೆಯುವ ಹಲಗೆ) ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟರೆ ಮುಗಿಯಿತು.

ಏಪ್ರಿಲ್, ಮೇ ಮಧ್ಯಾಹ್ನದ ಬಗ್ಗೆ ಒಂದೆರಡು ಮಾತು. ನೆಲ 2,000 ಅಡಿ ಎತ್ತರದಲ್ಲಿದ್ದು ಬಿಸಿಲು 35 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು ಹತ್ತಿರ ಹತ್ತಿರ 5,000 ಅಡಿ. ಇಂಡಿಕೇಟರಿನಲ್ಲಿ ಹಾರಿಸಬೇಕಾದ ವೇಗ ಅದೇ 65. ಆದರೆ ನಿಜವಾದ ವೇಗ 70 ಆಗಿರುತ್ತೆ, ತಿರುವು ಅಗಲ ಆಗುತ್ತೆ, ರನ್‌ವೇ ಜಾಸ್ತಿ ತಿನ್ನುತ್ತೆ. ಪೂರ್ತಿ ಥ್ರಾಟಲ್ ಕೊಟ್ಟರೂ ಎಂಜಿನ್‌ಗೆ ಮೊದಲಿನ ಕಸುವು ಇರಲ್ಲ. ಬಿಸಿಲಲ್ಲಿ ಗೋ ಅರೌಂಡ್ (ಇಳಿಯೋದು ಬಿಟ್ಟು ಮತ್ತೆ ಮೇಲೇರಿ ಇನ್ನೊಂದು ಸುತ್ತು ಹೋಗೋದು) ಮಾಡೋದಾದರೆ ಇನ್ನೂ ಬೇಗ ನಿರ್ಧಾರ ಮಾಡಬೇಕು ಅನ್ನೋದು ಇದಕ್ಕೇ.

ವಿಮಾನದ ಸುತ್ತ ನೋಡುವಾಗ ಎಡ ರೆಕ್ಕೆಯ ಮುಂಭಾಗದ ಆ ಚಿಕ್ಕ ತೂತನ್ನು ಬಿಡಬೇಡಿ. ಸೆಸ್ನಾದಲ್ಲಿ ಸ್ಟಾಲ್ ವಾರ್ನಿಂಗ್ ಬರೋದು ಅಲ್ಲಿಂದಲೇ, ವಿದ್ಯುತ್ ಬೇಕಾಗಿಲ್ಲ, ಗಾಳಿ ಒಳಗೆಳೆದಾಗ ಪೀಪಿ ಊದುತ್ತೆ. ಮಳೆಗಾಲದಲ್ಲಿ ಹುಳ, ಮಣ್ಣು ಕೂತು ಮುಚ್ಚಿಹೋಗಬಹುದು. ಒಗೆದ ಕರ್ಚೀಫ್ ಅದರ ಮೇಲಿಟ್ಟು ಬಾಯಿಂದ ಗಾಳಿ ಎಳೆಯಿರಿ. ಕಾಕ್‌ಪಿಟ್ ಒಳಗೆ ಪೀಂ ಅಂತ ಸದ್ದು ಬಂದರೆ ಅದು ಬದುಕಿದೆ. ಸ್ಟಾಲ್‌ಗೆ 5ರಿಂದ 10 ನಾಟ್ ಮುಂಚೆ ಆ ಸದ್ದು ಶುರುವಾಗುತ್ತೆ. ತಿರುವಿನಲ್ಲಿ ಅದು ಕೇಳಿಸಿದರೆ ಮಾಡಬೇಕಾದ್ದು ಒಂದೇ, ಯೋಕ್ ಮೇಲಿನ ಎಳೆತ ಬಿಡಿ. ಆಮೇಲೆ ರೆಕ್ಕೆ ಸಮ, ಥ್ರಾಟಲ್. ಬಿಡೋದು ಮೊದಲು.

ಹಾರುವಾಗ

ಡೌನ್‌ವಿಂಡ್‌ನಲ್ಲೇ ಕೆಲಸ ಮುಗಿಸಿಟ್ಟುಕೊಳ್ಳಿ. ಚೆಕ್‌ಲಿಸ್ಟ್, ರೇಡಿಯೋ ಕಾಲ್, ಮುಂದಿರುವ ವಿಮಾನ ಎಲ್ಲಿದೆ ಅಂತ ಹುಡುಕೋದು, ಎಲ್ಲವೂ ಬೇಸ್‌ಗೆ ತಿರುಗುವ ಮುಂಚೆಯೇ. ಕಾರ್ಬ್ಯುರೇಟರ್ ಇರುವ ಸೆಸ್ನಾ 152ರಂಥ ವಿಮಾನ ಆದರೆ ಥ್ರಾಟಲ್ ಕಡಿಮೆ ಮಾಡುವ ಮುಂಚೆ ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ಗುಂಡಿ) ಪೂರ್ತಿ ಎಳೆಯಿರಿ. ಇಷ್ಟು ಸೆಕೆಯಲ್ಲಿ ಐಸ್ ಎಲ್ಲಿಂದ ಬರುತ್ತೆ ಅಂತ ಬಹಳ ಜನ ಕೇಳುತ್ತಾರೆ. ಮಳೆಗಾಲದ ತೇವದ ಗಾಳಿಯಲ್ಲಿ, ಥ್ರಾಟಲ್ ಮುಚ್ಚಿದಾಗ, ಹೊರಗೆ 25 ಡಿಗ್ರಿ ಇದ್ದರೂ ಕಾರ್ಬ್ಯುರೇಟರ್ ಒಳಗೆ ಐಸ್ ಕಟ್ಟಬಹುದು. ಬೇಕಾದಾಗ ಪವರ್ ಇಲ್ಲದೇ ಹೋಗೋದು ಹೀಗೆಯೇ.

ಸರ್ಕಿಟ್‌ನಲ್ಲಿ ಬ್ಯಾಂಕ್ 30 ಡಿಗ್ರಿಗೆ ಮೀರಬಾರದು. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳೋದು 25, ಅವರು 30ಕ್ಕೆ ಹೋಗುತ್ತಾರೆ ಅಂತ ಗೊತ್ತು. ತಿರುವಿನಲ್ಲಿ ಕಣ್ಣು ಮೂರೇ ಕಡೆ ಓಡಾಡಲಿ: ಹೊರಗೆ ರನ್‌ವೇ, ಒಳಗೆ ಸ್ಪೀಡ್, ಕೆಳಗೆ ಬಾಲ್. ಆ ಗಾಜಿನ ನಳಿಗೆಯ ಕರಿ ಗುಂಡು ನಡುವೆ ಇದ್ದರೆ ಸ್ಪಿನ್‌ಗೆ ಹೋಗೋದು ತುಂಬಾ ಕಷ್ಟ. ಎಡಕ್ಕೆ ತಿರುಗುವಾಗ ಗುಂಡು ಬಲಕ್ಕೆ ಓಡಿದ್ದರೆ ನಿಮ್ಮ ಎಡಗಾಲು ಜಾಸ್ತಿ ಒತ್ತುತ್ತಿದೆ ಅಂತ. ಗುಂಡು ಯಾವ ಕಡೆ ಇದೆಯೋ ಆ ಕಡೆಯ ಕಾಲು ಒತ್ತಿ, ನಡುವೆ ಬರುತ್ತೆ.

ಗೆರೆ ದಾಟಿಹೋದರೆ? ದಾಟಿಹೋಗಲಿ ಬಿಡಿ. 30 ಡಿಗ್ರಿಯಲ್ಲೇ ತಿರುವು ಮುಂದುವರಿಸಿ, ರೆಕ್ಕೆ ಸಮ ಮಾಡಿ, ನಿಧಾನಕ್ಕೆ ವಾಪಸ್ ಬನ್ನಿ. ಅಷ್ಟಕ್ಕೆ ಜಾಗ ಇಲ್ಲ ಅನ್ನಿಸಿದರೆ ಗೋ ಅರೌಂಡ್. ಕಳೆದ ಮಳೆಗಾಲದಲ್ಲಿ ಬೆಳಗಾವಿ ಕಡೆಯ ಒಬ್ಬ ಹುಡುಗಿ ನನ್ನ ಎಡಗಡೆ ಕೂತಿದ್ದಳು. ಬೇಸ್‌ನಲ್ಲಿ ಬೆನ್ನಗಾಳಿ. ತಿರುವು ತಡವಾಯಿತು. ಅವಳ ಎಡ ಮೊಣಕಾಲು ಇಷ್ಟೇ ಇಷ್ಟು ಮುಂದೆ ಸರಿದದ್ದು ಕಾಣಿಸಿತು, ಗುಂಡು ಬಲಕ್ಕೆ ಜಾರಿತು, ಯೋಕ್ ಹಿಡಿದ ಬೆರಳಿನ ಗಿಣ್ಣುಗಳು ಬೆಳ್ಳಗಾದವು. "ಮೇಡಂ, ಸ್ವಲ್ಪ ದಾಟಿದೆ, ಈಗ ತರ್ತೀನಿ" ಅಂದಳು. "ಬ್ಯಾಡವ್ವ, ಬಿಡು. ರೆಕ್ಕೆ ಸಮ ಮಾಡು, ಮತ್ತೊಂದು ಸುತ್ತು ಹೋಗೂಣು" ಅಂದೆ. ನಾನು ಕಂಟ್ರೋಲ್ ಮುಟ್ಟಲಿಲ್ಲ, ಅವಳೇ ಮಾಡಿದಳು. ಕೆಳಗೆ ಬಂದ ಮೇಲೆ ಆ ಕಾಲಿನ ವಿಷಯ ಹೇಳಿದರೆ ಅವಳಿಗೆ ಒತ್ತಿದ ನೆನಪೇ ಇಲ್ಲ. ಇದನ್ನು ಬರೆಯೋಕೆ ಕಾರಣ ಅದೇ. ಕಾಲು ತನ್ನ ಪಾಡಿಗೆ ಒತ್ತುತ್ತೆ, ತಲೆಗೆ ಸುದ್ದಿ ಹೋಗಲ್ಲ. ಹಾಗಾಗಿ ಗುಂಡು ನೋಡೋದು ಅಭ್ಯಾಸವೇ ಆಗಬೇಕು.

ಫೈನಲ್‌ಗೆ ಬಂದ ಮೇಲೆ ಗಾಜಿನಲ್ಲಿ ಒಂದು ಜಾಗ ಹುಡುಕಿ. ರನ್‌ವೇ ಮೇಲೆ ನೀವು ಗುರಿ ಇಟ್ಟ ಬಿಂದು ಗಾಜಿನಲ್ಲಿ ಅಲ್ಲಾಡದೆ ನಿಂತಿದ್ದರೆ ವಿಮಾನ ಅಲ್ಲಿಗೇ ಹೋಗುತ್ತಿದೆ. ಅದು ಮೂತಿಯ ಅಡಿಗೆ ಜಾರುತ್ತಿದ್ದರೆ ನೀವು ಎತ್ತರ, ಅದನ್ನು ದಾಟಿ ಇಳಿಯುತ್ತೀರಿ. ಗಾಜಿನಲ್ಲಿ ಮೇಲೆ ಮೇಲೆ ಏರುತ್ತಿದ್ದರೆ ನೀವು ತಗ್ಗಿನಲ್ಲಿದ್ದೀರಿ, ರನ್‌ವೇಗೆ ಮುಂಚೆಯೇ ಕಬ್ಬಿನ ಗದ್ದೆ ಸಿಗುತ್ತೆ. ಪ್ಯಾಪಿ ದೀಪ (ರನ್‌ವೇ ಪಕ್ಕದಲ್ಲಿ ಇಳಿಜಾರು ತೋರಿಸುವ ನಾಲ್ಕು ದೀಪ) ಇರುವ ಕಡೆ ಎರಡು ಬಿಳಿ ಎರಡು ಕೆಂಪು ಅಂದರೆ ಸರಿ, ನಾಲ್ಕೂ ಕೆಂಪು ಅಂದರೆ ತುಂಬಾ ತಗ್ಗು. ಇಳಿಯುವ ದರಕ್ಕೆ ಸುಲಭ ಲೆಕ್ಕ: ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿ. ನೆಲದ ವೇಗ 60 ನಾಟ್ ಆದರೆ ನಿಮಿಷಕ್ಕೆ 300 ಅಡಿ, ಮೂರು ಡಿಗ್ರಿ ಇಳಿಜಾರು ಸಿಗುತ್ತೆ.

ತಗ್ಗಿನಲ್ಲಿದ್ದು ವೇಗವೂ ಕಡಿಮೆ ಇದ್ದರೆ ಯೋಕ್ ಎಳೆದು ರನ್‌ವೇ ತನಕ ಎಳೆದುಕೊಂಡು ಹೋಗೋಣ ಅಂತ ಕೈ ಹೇಳುತ್ತೆ. ಕೇಳಬೇಡಿ. ಮೂತಿ ಎತ್ತಿದಷ್ಟೂ ಡ್ರ್ಯಾಗ್, ಅಂದರೆ ಗಾಳಿಯ ತಡೆ, ಏರಿ ವಿಮಾನ ಇನ್ನೂ ಬೇಗ ಕುಸಿಯುತ್ತೆ. ಥ್ರಾಟಲ್ ಕೊಡಿ, ಮೂತಿ ಅಲ್ಲೇ ಇರಲಿ.

ಗಾಳಿ ಬಿಟ್ಟು ಬಿಟ್ಟು ಜೋರಾಗಿ ಬೀಸುತ್ತಿದ್ದರೆ ಆ ಏರಿಳಿತದ ಅರ್ಧದಷ್ಟನ್ನು ವೇಗಕ್ಕೆ ಸೇರಿಸಿ. 12 ನಾಟ್ ಗಾಳಿ 22ಕ್ಕೆ ಏರುತ್ತಿದೆ ಅಂದರೆ ವ್ಯತ್ಯಾಸ ಹತ್ತು, ಅರ್ಧ ಐದು, 65ರ ಬದಲು 70.

ಗೋ ಅರೌಂಡ್ ಅನ್ನು ಸೋಲು ಅಂದುಕೊಳ್ಳಬೇಡಿ

ಒಂದು ಗೇಟ್ ಇಟ್ಟುಕೊಳ್ಳಿ. ನಿಮ್ಮ ಎಸ್‌ಒಪಿ ಬೇರೆ ಹೇಳದಿದ್ದರೆ ನೆಲದಿಂದ 300 ಅಡಿ. ಅಲ್ಲಿಗೆ ಬಂದಾಗ ರೆಕ್ಕೆ ಸಮ ಇರಬೇಕು, ರನ್‌ವೇ ನೇರ ಮುಂದಿರಬೇಕು, ವೇಗ ಗುರಿಯಿಂದ 5 ನಾಟ್ ಆಚೆ ಈಚೆ ಒಳಗಿರಬೇಕು, ಫ್ಲಾಪ್ಸ್ ಇಳಿದಿರಬೇಕು, ಥ್ರಾಟಲ್ ಪದೇ ಪದೇ ಎಳೆದು ತಳ್ಳುವ ಹಾಗಿರಬಾರದು. ಇದರಲ್ಲಿ ಒಂದು ಇಲ್ಲದಿದ್ದರೂ ಗೋ ಅರೌಂಡ್. "ಇನ್ನೊಂಚೂರು ನೋಡೋಣ" ಅನ್ನೋದು ಆ ಎತ್ತರದಲ್ಲಿ ಇಲ್ಲ.

ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. 2010ರ ಮೇ 22, ಮಂಗಳೂರು. ದುಬೈಯಿಂದ ಬಂದ ಬೋಯಿಂಗ್ 737 ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು, 158 ಜನ ಹೋದರು, ಎಂಟು ಜನ ಉಳಿದರು. ಅದು ದೊಡ್ಡ ವಿಮಾನ, ಸ್ಪಿನ್ ಏನೂ ಆಗಿರಲಿಲ್ಲ. ಆದರೆ ತನಿಖೆ ಹೇಳಿದ್ದು ನಿಮಗೂ ನನಗೂ ನೇರವಾಗಿ ಸಂಬಂಧಪಟ್ಟದ್ದು: ಅಪ್ರೋಚ್ ಸ್ಥಿರವಾಗಿರಲಿಲ್ಲ, ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಅಂದರು, ಕ್ಯಾಪ್ಟನ್ ಇಳಿಸೋದನ್ನೇ ಮುಂದುವರಿಸಿದರು. ಅನುಭವದ ಕೊರತೆ ಅಲ್ಲಿ ಇರಲಿಲ್ಲ. ಇಳಿಸಲೇಬೇಕು ಅಂತ ಒಮ್ಮೆ ಮನಸ್ಸು ಕೂತುಬಿಟ್ಟರೆ ಅದನ್ನು ಎಬ್ಬಿಸೋದು ಎಷ್ಟು ಕಷ್ಟ ಅನ್ನೋದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮುಂಬೈಯಲ್ಲಿರುವವರಿಗೆ ಇನ್ನೊಂದು ನೆನಪಿರುತ್ತೆ. 2018ರ ಜೂನ್ 28ರ ಮಧ್ಯಾಹ್ನ, ಮಳೆ. ರಿಪೇರಿ ಮುಗಿಸಿ ಪರೀಕ್ಷಾ ಹಾರಾಟಕ್ಕೆ ಹೋಗಿದ್ದ ಕಿಂಗ್ ಏರ್ ಸಿ90 ವಿಮಾನ ಜುಹುಗೆ ವಾಪಸ್ ಬರುವಾಗ ಘಾಟ್ಕೋಪರ್ ಪಶ್ಚಿಮದಲ್ಲಿ ಕಟ್ಟಡ ಕಟ್ಟುತ್ತಿದ್ದ ಜಾಗಕ್ಕೆ ಬಿತ್ತು. ಒಳಗಿದ್ದ ನಾಲ್ವರು ತೀರಿಕೊಂಡರು. ದಾರಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬರೂ ತೀರಿಕೊಂಡರು. ನಮ್ಮ ಜನ ಬೇಕಾದಷ್ಟು ಇರುವ ಏರಿಯಾ ಅದು, ಊಟದ ಹೊತ್ತಿನಲ್ಲಿ ಆ ಗಲ್ಲಿಗಳು ಹೇಗಿರುತ್ತವೆ ಅಂತ ಗೊತ್ತಿರುವವರಿಗೆ ಎದೆ ಧಸಕ್ ಅನ್ನುತ್ತೆ. ಅಪ್ರೋಚ್ ಅಂದರೆ ಯಾವಾಗಲೂ ಯಾರದ್ದೋ ಮನೆ, ಹೊಲ, ಶಾಲೆಯ ಮೇಲೆ ತಗ್ಗಿನಲ್ಲಿ ಹಾರೋದು. ನಿರ್ಧಾರ ಮಾಡುವಾಗ ಅವರೂ ಲೆಕ್ಕದಲ್ಲಿರಲಿ.

ಗೋ ಅರೌಂಡ್ ಮಾಡೋದು ಹೇಗೆ ಅಂದರೆ: ಥ್ರಾಟಲ್ ಪೂರ್ತಿ ಮುಂದಕ್ಕೆ. ಕಾರ್ಬ್ ಹೀಟ್ ಎಳೆದಿದ್ದರೆ ಒಳಗೆ. ಈಗ ಎಚ್ಚರ, ವಿಮಾನವನ್ನು ನಿಧಾನ ವೇಗಕ್ಕೆ ಟ್ರಿಮ್ ಮಾಡಿದ್ದೀರಿ (ಯೋಕ್ ಒತ್ತದೇ ಅದೇ ವೇಗದಲ್ಲಿ ಇರುವ ಹಾಗೆ ಹೊಂದಿಸಿದ್ದೀರಿ), ಪೂರ್ತಿ ಪವರ್ ಬಂದ ತಕ್ಷಣ ಮೂತಿ ಜೋರಾಗಿ ಮೇಲೇಳುತ್ತೆ, ಎಡಕ್ಕೂ ಎಳೆಯುತ್ತೆ. ಯೋಕ್ ಮುಂದಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಲಗಾಲು ಕೊಡಿ. ಎಷ್ಟೋ ಜನ ಗೋ ಅರೌಂಡ್ ಸರಿಯಾಗಿ ನಿರ್ಧಾರ ಮಾಡಿ ಇಲ್ಲೇ ಎಡವೋದು. 172 ಎಸ್‌ನಲ್ಲಿ ಫ್ಲಾಪ್ಸ್ ತಕ್ಷಣ 20ಕ್ಕೆ, 60 ನಾಟ್ ಹಿಡಿದು ಏರಿ, ಮುಂದಿನ ಮರ ತಂತಿ ದಾಟುವ ತನಕ 10, ಸುರಕ್ಷಿತ ಎತ್ತರ ಸಿಕ್ಕ ಮೇಲೆ ಪೂರ್ತಿ ಮೇಲೆ. ಒಂದೇ ಸಲ ಎಲ್ಲ ಫ್ಲಾಪ್ಸ್ ಎತ್ತಿದರೆ ವಿಮಾನ ಕುಸಿಯುತ್ತೆ. ರೇಡಿಯೋ ಕೊನೆಗೆ. ಯಾರೋ ಕೇಳುತ್ತಿದ್ದಾರೆ ಅಂತ ಮೊದಲು ಬಟನ್ ಒತ್ತಬೇಡಿ, ವಿಮಾನ ಏರುತ್ತಿದೆ ಅಂತ ಖಾತ್ರಿ ಆದ ಮೇಲೆ ಮಾತಾಡಿ.

ದುಡ್ಡಿನ ಮಾತನ್ನೂ ಆಡಲೇಬೇಕು, ಯಾಕಂದರೆ ಯಾರೂ ಬಾಯಿಬಿಟ್ಟು ಹೇಳಲ್ಲ. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಹೊಲವನ್ನೋ ಸೈಟನ್ನೋ ಅಡ ಇಟ್ಟು ಕಳಿಸಿದ್ದಾರೆ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಬೇಕು, ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ. ಇನ್ನೊಂದು ಸುತ್ತು ಹೋದರೆ ಇನ್ನಷ್ಟು ನಿಮಿಷ, ಇನ್ನಷ್ಟು ದುಡ್ಡು ಅನ್ನೋ ಲೆಕ್ಕ ತಲೆಯ ಒಂದು ಮೂಲೆಯಲ್ಲಿ ಓಡುತ್ತಲೇ ಇರುತ್ತೆ, ನನಗೆ ಗೊತ್ತು. ಒಂದು ಸರ್ಕಿಟ್ ಅಂದರೆ ಆರೇಳು ನಿಮಿಷ. ಅದು ನಿಮ್ಮ ಗಂಟೆಗಳ ಲೆಕ್ಕಕ್ಕೆ ಸೇರುತ್ತೆ, ಅಭ್ಯಾಸವೂ ಆಗುತ್ತೆ, ಪೋಲಾಗುವ ದುಡ್ಡು ಅದರಲ್ಲಿ ಏನೂ ಇಲ್ಲ. ಗೋ ಅರೌಂಡ್ ಮಾಡಿದ್ದಕ್ಕೆ ಮುಖ ಸಿಂಡರಿಸುವ ಅಥವಾ ಎಲ್ಲರ ಮುಂದೆ ಆಡಿಕೊಳ್ಳುವ ಇನ್‌ಸ್ಟ್ರಕ್ಟರ್ ಸಿಕ್ಕಿದರೆ ಬೇರೆಯವರ ಜೊತೆ ಹಾರಿಸಿ ಅಂತ ಚೀಫ್ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿ. ಇದು ನಿಮ್ಮ ಹಕ್ಕು, ಸಂಕೋಚ ಬೇಡ.

ಮನೆಯವರಿಗೂ ಒಂದು ವಿನಂತಿ. ಸೋಲೋ ಆಯಿತಾ, ಗಂಟೆ ಎಷ್ಟಾಯಿತು, ಪಕ್ಕದ ಮನೆಯ ಹುಡುಗನದ್ದು ಮುಗಿಯಿತಂತೆ ಅಂತ ದಿನಾ ಫೋನಿನಲ್ಲಿ ಕೇಳಬೇಡಿ. ಅವಸರ ಹೀಗೇ ಕಾಕ್‌ಪಿಟ್ ಒಳಗೆ ಬಂದು ಕೂರೋದು.

ಅಪಘಾತದ ವರದಿ ಓದೋದನ್ನು ಕಲಿಯಿರಿ

ವಿಮಾನ ಬಿದ್ದ ದಿನ ಟಿವಿಯಲ್ಲಿ ಬರುವ ಅಭಿಪ್ರಾಯಗಳನ್ನು ಬಿಟ್ಟು ಎಎಐಬಿ (ಏರ್‌ಕ್ರಾಫ್ಟ್ ಆಕ್ಸಿಡೆಂಟ್ ಇನ್ವೆಸ್ಟಿಗೇಶನ್ ಬ್ಯೂರೋ) ವರದಿಗೆ ಕಾಯಿರಿ. 2012ರಲ್ಲಿ ಶುರುವಾದ ಈ ತನಿಖಾ ಸಂಸ್ಥೆ ವರದಿಗಳನ್ನು ತನ್ನ ವೆಬ್‌ಸೈಟಿನಲ್ಲಿ ಹಾಕುತ್ತೆ, ಯಾರು ಬೇಕಾದರೂ ಓದಬಹುದು. ಅಂತರರಾಷ್ಟ್ರೀಯ ನಿಯಮದ ಪ್ರಕಾರ 30 ದಿನಕ್ಕೆ ಪ್ರಾಥಮಿಕ ವರದಿ ಬರಬೇಕು, ಸಾಧ್ಯವಾದರೆ ಒಂದು ವರ್ಷದೊಳಗೆ ಅಂತಿಮ ವರದಿ. ಅದರ ಉದ್ದೇಶ ತಪ್ಪು ಯಾರದ್ದು ಅಂತ ಶಿಕ್ಷೆ ಕೊಡೋದಲ್ಲ, ಇನ್ನೊಂದು ಸಲ ಹಾಗಾಗದಂತೆ ನೋಡಿಕೊಳ್ಳೋದು ಅಂತ ಶುರುವಿನಲ್ಲೇ ಬರೆದಿರುತ್ತಾರೆ.

ಓದುವಾಗ ಕೊನೆಯ ಪುಟದ ಕಾರಣಕ್ಕೆ ನೇರವಾಗಿ ಹಾರಬೇಡಿ. "ಪೈಲಟ್ ತಪ್ಪು" ಅಂತ ಓದಿ "ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ" ಅಂದುಕೊಂಡರೆ ಏನೂ ಕಲಿತ ಹಾಗಾಗಲ್ಲ. ಹಾರಾಟದ ಇತಿಹಾಸ ಅನ್ನೋ ಭಾಗ ತೆಗೆದು ಕೊನೆಯ ನಿಮಿಷದಿಂದ ಹಿಂದಕ್ಕೆ ಓದಿ. ಬೀಳುವ ಹತ್ತು ಸೆಕೆಂಡ್ ಮುಂಚೆ ವೇಗ ಎಷ್ಟಿತ್ತು, ಎತ್ತರ ಎಷ್ಟಿತ್ತು? ಒಂದು ನಿಮಿಷ ಮುಂಚೆ? ಗಾಳಿ ಯಾವ ಕಡೆಯಿಂದ? ಗೋ ಅರೌಂಡ್ ಮಾಡಿದ್ದರೆ ಬದುಕಬಹುದಿದ್ದ ಕೊನೆಯ ಜಾಗ ಯಾವುದು? ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆ ಬೀಳೋದು ಹೆಚ್ಚಿನ ಸಲ ಸ್ಟಾಲ್ ಆದ ಜಾಗದಲ್ಲಿ ಅಲ್ಲ, ಅದಕ್ಕಿಂತ ಎಷ್ಟೋ ಹಿಂದೆ, ಎಲ್ಲ ಸರಿಯಿದೆ ಅನ್ನಿಸುತ್ತಿದ್ದ ಕಡೆ.

ಮುಂದಿನ ಫ್ಲೈಟ್‌ಗೆ ಇನ್‌ಸ್ಟ್ರಕ್ಟರ್ ಹತ್ತಿರ ಇದನ್ನು ಕೇಳಿ

ಒಂದು ದಿನ ಸರ್ಕಿಟ್ ಬಿಟ್ಟು ಟ್ರೈನಿಂಗ್ ಏರಿಯಾಗೆ ಹೋಗಿ, ನೆಲದಿಂದ ಕನಿಷ್ಠ 3,000 ಅಡಿ ಮೇಲೆ ಬೇಸ್-ಫೈನಲ್ ತಿರುವನ್ನು ನಾಟಕದ ಹಾಗೆ ಮಾಡಿ ತೋರಿಸಿ ಅಂತ ಕೇಳಿ. ಒಂದು ರಸ್ತೆಯನ್ನು ರನ್‌ವೇ ಅಂದುಕೊಳ್ಳಿ. ಅಪ್ರೋಚ್ ವೇಗ, ಫ್ಲಾಪ್ಸ್, 30 ಡಿಗ್ರಿ, ಗುಂಡು ನಡುವೆ ಇಟ್ಟು ಯೋಕ್ ಎಳೆಯುತ್ತಾ ಹೋಗಿ. ಪೀಪಿ ಕೇಳಿಸುತ್ತೆ, ವಿಮಾನ ನಡುಗುತ್ತೆ, ಎಳೆತ ಬಿಟ್ಟ ತಕ್ಷಣ ಮತ್ತೆ ಹಾರುತ್ತೆ. ಎಷ್ಟು ಸೌಮ್ಯವಾಗಿ ಎಚ್ಚರಿಕೆ ಕೊಡುತ್ತೆ ಅಂತ ನೋಡಿ. ಆಮೇಲೆ ಗುಂಡು ಹೊರಗೆ ಓಡಿದಾಗ ಏನಾಗುತ್ತೆ ಅನ್ನೋದನ್ನು ಅವರು ಮಾಡಿ ತೋರಿಸಲಿ, ಅದೂ ಆ ವಿಮಾನಕ್ಕೆ ಅನುಮತಿ ಇದ್ದರೆ, ತೂಕದ ಲೆಕ್ಕ ಸರಿಯಿದ್ದರೆ, ಇನ್‌ಸ್ಟ್ರಕ್ಟರಿಗೆ ಅದರ ಅಭ್ಯಾಸ ಇದ್ದರೆ ಮಾತ್ರ. ಒಬ್ಬರೇ ಇದ್ದಾಗ ಎಂದೂ ಬೇಡ. ಮಗುಚಿದ ಮೇಲೆ ಸರಿಯಾಗುವ ತನಕ ಆಲ್ಟಿಮೀಟರ್ ಎಷ್ಟು ಅಡಿ ಇಳಿಯಿತು ಅಂತ ಓದಿ ನೀಬೋರ್ಡ್ ಮೇಲೆ, ಆ 2,400ರ ಪಕ್ಕದಲ್ಲೇ, ಬರೆದುಕೊಳ್ಳಿ.